ಏದುಸಿರಿನ ರೋಗಿಗೆ ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್: ಪ್ರೋಬ್ ಮೊದಲು ಎಲ್ಲಿಡಬೇಕು, ಎಲ್ಲಿ ಮೋಸ ಹೋಗುತ್ತೇವೆ?

ಮೆಡಿಸಿನ್ ಪಿಜಿ

ವಾರ್ಡಿಗೆ ಒಂದು ಪೋರ್ಟಬಲ್ ಅಲ್ಟ್ರಾಸೌಂಡ್ ಮೆಷಿನ್ ಬಂದಿದೆ. ಕರ್ವಿಲಿನಿಯರ್ (ಬಾಗಿದ ಮುಖದ್ದು, ಆಳಕ್ಕೆ), ಲಿನಿಯರ್ (ಚಪ್ಪಟೆ ಮುಖದ್ದು, ಮೇಲ್ಪದರಕ್ಕೆ) ಎರಡೇ ಪ್ರೋಬ್, ಕಾರ್ಡಿಯಾಕ್ ಪ್ರೋಬ್ ಇಲ್ಲ. ಏದುಸಿರು ಬಿಡುತ್ತಾ ಬಂದ ರೋಗಿಗೆ ಹಾರ್ಟ್ ಫೇಲ್ಯೂರೋ, ನ್ಯುಮೋನಿಯಾನೋ, ಸಿಒಪಿಡಿಯೋ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಎಕ್ಸ್‌ರೇ ಬರುವ ಮೊದಲೇ ಒಂದು ಅಂದಾಜಿಗೆ ಬರಬೇಕು, ಮುಖ್ಯ ಉದ್ದೇಶ ಅದೇ. ವಿಡಿಯೋಗಳನ್ನು ನೋಡಿದರೆ ಒಬ್ಬರು 6 ಜಾಗ ಅನ್ನುತ್ತಾರೆ, ಇನ್ನೊಬ್ಬರು 8, ಮತ್ತೊಬ್ಬರು 28. ಯಾವ ಪ್ರಿಸೆಟ್ (ಮೆಷಿನ್‌ನಲ್ಲಿ ಮೊದಲೇ ಇರುವ ಸೆಟ್ಟಿಂಗ್), ಎಷ್ಟು ಡೆಪ್ತ್, ಎಲ್ಲಿಂದ ಶುರು ಮಾಡಬೇಕು? ಮೂರು ಬಿ-ಲೈನ್ (ಶ್ವಾಸಕೋಶದ ಮೇಲ್ಮೈಯಿಂದ ಕೆಳಕ್ಕಿಳಿಯುವ ಬಿಳಿ ಗೆರೆ) ಕಂಡರೆ ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸಿ ನೀರಿಳಿಸುವ ಔಷಧ) ಕೊಟ್ಟುಬಿಡು ಅಂತಾರೆ, ಅದು ಅಷ್ಟು ಸರಳವಾ? ಐವಿಸಿ (ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ವೇನ್) ನೋಡಿ ಫ್ಲೂಯಿಡ್ ಕೊಡುವ ವಿಚಾರವನ್ನೂ ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಐಸಿಯು ರಾತ್ರಿಪಾಳಿ

ಮೊದಲು ಮೆಷಿನ್ ಸರಿ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕರ್ವಿಲಿನಿಯರ್ ಪ್ರೋಬ್ ತೆಗೆದುಕೊಳ್ಳಿ. ಲಂಗ್ ಪ್ರಿಸೆಟ್ ಇದ್ದರೆ ಅದು, ಇಲ್ಲದಿದ್ದರೆ ಅಬ್ಡೊಮೆನ್. ಅಬ್ಡೊಮೆನ್ ಪ್ರಿಸೆಟ್‌ನಲ್ಲಿ ಹಾರ್ಮೋನಿಕ್ ಮತ್ತು ಕಾಂಪೌಂಡಿಂಗ್ ತಾನಾಗಿ ಆನ್ ಇರುತ್ತವೆ, ಎರಡನ್ನೂ ಆಫ್ ಮಾಡಿ. ಕಂಪನಿಗೊಂದು ಹೆಸರಿನ ಈ ಸೌಲಭ್ಯಗಳು ಆರ್ಟಿಫ್ಯಾಕ್ಟ್ (ದೇಹದಲ್ಲಿಲ್ಲದ, ಧ್ವನಿ ಅಲೆ ಮೂಡಿಸುವ ಹುಸಿ ಗೆರೆ) ಅಳಿಸಲೆಂದೇ ಇರುವಂಥವು. ಶ್ವಾಸಕೋಶದಲ್ಲಿ ನಾವು ಓದುವುದೇ ಆರ್ಟಿಫ್ಯಾಕ್ಟ್. ಕಾಂಪೌಂಡಿಂಗ್ ಆನ್ ಇದ್ದರೆ ಒಂದು ಗಟ್ಟಿ ಬಿ-ಲೈನ್ ಮಸುಕಾಗಿ ಎರಡು ಮೂರು ಎಳೆಯಾಗಿ ಹರಡುತ್ತದೆ, ಎಣಿಕೆ ಕೆಡುತ್ತದೆ. ಫೋಕಸ್ ಪ್ಲೂರಾದ (ಶ್ವಾಸಕೋಶದ ಹೊದಿಕೆ) ಮಟ್ಟಕ್ಕೆ ತನ್ನಿ. ಬಿ-ಲೈನ್, ಎಫ್ಯೂಷನ್ (ಪ್ಲೂರಾ ಪದರಗಳ ನಡುವೆ ತುಂಬಿದ ನೀರು) ನೋಡುವಾಗ ಡೆಪ್ತ್ 14ರಿಂದ 16 ಸೆಂ.ಮೀ. ಉಸಿರಿನ ಜೊತೆ ಪ್ಲೂರಾ ಜಾರುತ್ತಿದೆಯೇ ಎಂದಷ್ಟೇ ನೋಡುವಾಗ ಲಿನಿಯರ್ ಪ್ರೋಬ್, 4ರಿಂದ 6 ಸೆಂ.ಮೀ.

ಪ್ರೋಬ್ ಮಾರ್ಕರ್ ತಲೆಯ ಕಡೆಗೆ, ಪಕ್ಕೆಲುಬಿಗೆ ಅಡ್ಡವಾಗಿ ಇಡಿ. ಪರದೆಯಲ್ಲಿ ಎರಡು ಪಕ್ಕೆಲುಬು, ಅವುಗಳ ಕೆಳಗೆ ಕಪ್ಪು ನೆರಳು, ನಡುವೆ ಪಕ್ಕೆಲುಬಿನ ಮೇಲ್ಮೈಯಿಂದ ಸುಮಾರು ಅರ್ಧ ಸೆಂ.ಮೀ ಕೆಳಗೆ ಬಿಳಿ ಗೆರೆ ಕಾಣಬೇಕು. ಆ ಬಿಳಿ ಗೆರೆ ಪ್ಲೂರಾ. ಈ ಚಿತ್ರ ಸಿಗುವ ತನಕ ಮುಂದಿನ ಯಾವ ಮಾತೂ ಬೇಡ. ಪ್ರೋಬ್ ಪ್ಲೂರಾಕ್ಕೆ ಲಂಬವಾಗಿರಬೇಕು. ಸ್ವಲ್ಪ ಓರೆಯಾದರೂ ಎ-ಲೈನ್ (ಪ್ಲೂರಾದ ಕೆಳಗೆ ಅದಕ್ಕೆ ಸಮಾಂತರವಾಗಿ ಮರುಕಳಿಸುವ ಅಡ್ಡಗೆರೆ, ಗಾಳಿಯ ಗುರುತು) ಮಾಯ, "ಏನೂ ಕಾಣ್ತಿಲ್ಲ" ಅನ್ನುವ ಸ್ಥಿತಿ.

ಎಷ್ಟು ಜಾಗ ಅಂದರೆ, ಕುಳಿತಿರಲಾರದ ರೋಗಿಗೆ ಪ್ರತಿ ಬದಿ ಮೂರು ಸಾಕು. ಎರಡೂ ಅಂಗೈಗಳನ್ನು ಒಂದರ ಕೆಳಗೊಂದು ಎದೆಯ ಮೇಲೆ ಇಟ್ಟಂತೆ ಕಲ್ಪಿಸಿ, ಕೈ ರೋಗಿಯದಷ್ಟು ದೊಡ್ಡದಿರಲಿ, ಹೆಬ್ಬೆರಳು ಲೆಕ್ಕಕ್ಕಿಲ್ಲ. ಮೇಲಿನ ಕೈಯ ಕಿರುಬೆರಳು ಕಾಲರ್ ಮೂಳೆಯ ಕೆಳಅಂಚಿಗೆ ತಾಗಿರಬೇಕು, ಬೆರಳ ತುದಿಗಳು ಎದೆಯ ನಡುಗೆರೆಗೆ. ಮೇಲಿನ ಕೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ಬುಡದ ನಡುವೆ ಮೊದಲ ಬಿಂದು. ಕೆಳಗಿನ ಅಂಗೈಯ ನಟ್ಟನಡುವೆ ಎರಡನೆಯದು. ಆ ಎರಡನೆಯ ಬಿಂದುವಿನಿಂದ ಅಡ್ಡಗೆರೆ ಎಳೆದು ಕಂಕುಳ ಹಿಂಗೆರೆಯನ್ನೂ ದಾಟಿ, ಹಾಸಿಗೆಗೂ ಬೆನ್ನಿಗೂ ನಡುವೆ ಪ್ರೋಬ್ ಎಷ್ಟು ತೂರುತ್ತದೋ ಅಷ್ಟು ಹಿಂದೆ ಹೋದರೆ ಮೂರನೆಯದು, ಪ್ಲಾಪ್ಸ್ ಬಿಂದು. ಎಫ್ಯೂಷನ್, ಹಿಂಬದಿಯ ಕನ್ಸಾಲಿಡೇಶನ್ (ಗಾಳಿ ಹೋಗಿ ಗಟ್ಟಿಯಾದ ಶ್ವಾಸಕೋಶ) ಸಿಗುವುದು ಅಲ್ಲೇ. ಹೆಚ್ಚಿನವರು ತಪ್ಪಿಸಿಕೊಳ್ಳುವುದೂ ಅದನ್ನೇ, ರೋಗಿಯನ್ನು ಸ್ವಲ್ಪ ಹೊರಳಿಸಬೇಕಾಗುತ್ತದೆ ನೋಡಿ!

ಪ್ರತಿ ಬಿಂದುವಿನಲ್ಲಿ ಒಂದು ಪೂರ್ತಿ ಉಸಿರು ಮುಗಿಯುವ ತನಕ ಕೈ ಅಲುಗಬಾರದು. 6 ಸೆಕೆಂಡಿನ ಕ್ಲಿಪ್ ಉಳಿಸಿ.

ಐಸಿಯು ರಾತ್ರಿಪಾಳಿ

ಕ್ರಮ ಬರೆಯುವುದು ಉಳಿಯಿತು. ಇದು ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ 2008ರಲ್ಲಿ ಪ್ರಕಟಿಸಿದ ಬ್ಲೂ ಪ್ರೋಟೊಕಾಲ್.

ಮುಂದೆ ಎರಡೂ ಬದಿ ಪ್ಲೂರಾ ಜಾರುತ್ತಿದೆ, ತುಂಬ ಬಿ-ಲೈನ್ ಇವೆ ಎಂದರೆ ಪಲ್ಮನರಿ ಎಡೀಮಾ (ಶ್ವಾಸಕೋಶದಲ್ಲಿ ನೀರು). ಬಿ-ಲೈನ್ ಇವೆ ಆದರೆ ಜಾರುತ್ತಿಲ್ಲ, ಅಥವಾ ಒಂದೇ ಬದಿಯಲ್ಲಿವೆ, ಅಥವಾ ಮುಂಭಾಗದಲ್ಲೇ ಕನ್ಸಾಲಿಡೇಶನ್ ಇದೆ ಎಂದರೆ ನ್ಯುಮೋನಿಯಾ ಕಡೆ ವಾಲಿ. ಎ-ಲೈನ್ ಇದೆ, ಜಾರುತ್ತಿಲ್ಲ ಎಂದರೆ ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ, ಎದೆಯೊಳಗೆ ಗಾಳಿ ಸೇರಿಕೊಂಡದ್ದು) ಹುಡುಕಿ. ಎರಡೂ ಬದಿ ಎ-ಲೈನ್, ಚೆನ್ನಾಗಿ ಜಾರುತ್ತಿದೆ ಎಂದರೆ ಕಾಲಿನ ವೇನ್‌ಗಳಿಗೆ ಹೋಗಿ. ಅಲ್ಲಿ ಕ್ಲಾಟ್ ಇದ್ದರೆ ಪಲ್ಮನರಿ ಎಂಬಾಲಿಸಮ್ (ಕ್ಲಾಟ್ ಹೋಗಿ ಶ್ವಾಸಕೋಶದ ರಕ್ತನಾಳ ಕಟ್ಟಿಕೊಳ್ಳುವುದು). ಇಲ್ಲದಿದ್ದರೆ ಪ್ಲಾಪ್ಸ್ ಬಿಂದು ನೋಡಿ. ಅಲ್ಲಿ ಏನಾದರೂ ಇದ್ದರೆ ನ್ಯುಮೋನಿಯಾ, ಏನೂ ಇಲ್ಲದಿದ್ದರೆ ಸಿಒಪಿಡಿ ಅಥವಾ ಅಸ್ತಮಾ.

ಗ್ರೇಸ್ಕೇಲ್

ರೇಡಿಯಾಲಜಿ ಕಡೆಯಿಂದ ಒಂದು ತಕರಾರು. ಆ ಕ್ರಮ ಕಲಿಯಲು ಒಳ್ಳೆಯದು, ವಾರ್ಡಿನ ರೋಗಿಗೆ ಹಾಗೇ ಅಂಟಿಸುವುದು ಒಳ್ಳೆಯದಲ್ಲ. ಆ ಅಧ್ಯಯನದ 90.5 ಶೇಕಡಾ ನಿಖರತೆಯನ್ನು ಎಲ್ಲರೂ ಸ್ಲೈಡಿನಲ್ಲಿ ಹಾಕುತ್ತಾರೆ. ಅದರಲ್ಲಿ 301 ರೋಗಿಗಳ ಪೈಕಿ 41 ಮಂದಿಯನ್ನು ಲೆಕ್ಕದಿಂದ ಬಿಟ್ಟಿದ್ದರು. ಯಾರನ್ನು? ಕೊನೆಗೂ ಡಯಾಗ್ನೋಸಿಸ್ ಸಿಗದವರು, ಅಪರೂಪದ ಕಾಯಿಲೆಯವರು, ಮತ್ತು ಒಟ್ಟಿಗೆ ಒಂದಕ್ಕಿಂತ ಹೆಚ್ಚು ಕಾರಣ ಇದ್ದವರು. ನಮ್ಮ ಮೆಡಿಸಿನ್ ವಾರ್ಡ್ ತುಂಬ ಇರುವವರೇ ಆ ಕೊನೆಯ ಗುಂಪು: ಬೀಡಿ ಸೇದಿ ಸಿಒಪಿಡಿ, ಮೇಲೆ ಇಸ್ಕೀಮಿಕ್ ಹಾರ್ಟ್, ಅದರ ಮೇಲೆ ಜ್ವರ.

ಈಗ ಬಿ-ಲೈನ್. ಅದು ನೀರಿನ ಗುರುತಲ್ಲ, ಪ್ಲೂರಾದ ಕೆಳಗೆ ಗಾಳಿ ಕಡಿಮೆಯಾಗಿ ಬೇರೇನೋ ಹೆಚ್ಚಾಗಿದೆ ಎನ್ನುವುದರ ಗುರುತು. ಆ ಬೇರೇನೋ ನೀರಿರಬಹುದು, ಕೀವಿರಬಹುದು, ರಕ್ತವಿರಬಹುದು, ಫೈಬ್ರೋಸಿಸ್ (ಗಾಯದ ಕಲೆಯಂತೆ ಗಟ್ಟಿಯಾದ ಅಂಗಾಂಶ) ಇರಬಹುದು. ಪ್ಲೂರಾದಿಂದಲೇ ಹುಟ್ಟಿ, ಪರದೆಯ ತಳದವರೆಗೆ ಮಾಸದೆ ಇಳಿದು, ದಾರಿಯಲ್ಲಿ ಸಿಕ್ಕ ಎ-ಲೈನ್ ಅಳಿಸಿ, ಪ್ಲೂರಾ ಜೊತೆಗೇ ಅತ್ತಿತ್ತ ಓಡಾಡಿದರೆ ಮಾತ್ರ ಬಿ-ಲೈನ್. ಎರಡು ಮೂರು ಸೆಂ.ಮೀ ಇಳಿದು ಮಾಯವಾಗುವ ಗೆರೆಗೆ ಬೆಲೆಯಿಲ್ಲ. ಡೆಪ್ತ್ 6 ಸೆಂ.ಮೀ ಇಟ್ಟುಕೊಂಡರೆ ಅದೂ ಬಿ-ಲೈನ್ ಥರವೇ ಕಾಣುತ್ತದೆ, ಹಾಗಾಗಿಯೇ ಮೇಲಿನವರು 14 ಅಂದಿದ್ದು.

ಒಂದೇ ಇಂಟರ್‌ಕಾಸ್ಟಲ್ ಸ್ಪೇಸಿನಲ್ಲಿ (ಎರಡು ಪಕ್ಕೆಲುಬಿನ ನಡುವಿನ ಜಾಗ) 3 ಅಥವಾ ಹೆಚ್ಚು ಇದ್ದರೆ ಆ ಜಾಗ ಪಾಸಿಟಿವ್. 8 ಜಾಗದ ಪದ್ಧತಿಯಲ್ಲಿ ಪ್ರತಿ ಬದಿ ಕನಿಷ್ಠ 2 ಜಾಗ ಪಾಸಿಟಿವ್ ಇದ್ದು, ಎರಡೂ ಬದಿ ಹಾಗೇ ಇದ್ದರೆ ಇಂಟರ್‌ಸ್ಟೀಷಿಯಲ್ ಸಿಂಡ್ರೋಮ್ (ಗಾಳಿಚೀಲಗಳ ನಡುವಿನ ಅಂಗಾಂಶ ದಪ್ಪವಾದ ಸ್ಥಿತಿ). ಇದು 2012ರ ಅಂತರರಾಷ್ಟ್ರೀಯ ಒಮ್ಮತದ ಲೆಕ್ಕ. ಸಿಂಡ್ರೋಮ್ ಅಂದರು, ಹಾರ್ಟ್ ಫೇಲ್ಯೂರ್ ಅನ್ನಲಿಲ್ಲ. ಮೂರು ಗೆರೆ ಕಂಡಿತು, ಲ್ಯಾಸಿಕ್ಸ್ ಚುಚ್ಚಿದೆ ಅನ್ನುವವರು ಇಲ್ಲೇ ಎಡವುವುದು.

ಬೇರ್ಪಡಿಸಲು ಪ್ಲೂರಾದ ಗೆರೆಯನ್ನೇ ನೋಡಿ, ಕೆಳಗಿನ ಗೆರೆಗಳನ್ನಲ್ಲ. ಲಿನಿಯರ್ ಪ್ರೋಬ್‌ಗೆ ಬದಲಾಯಿಸಿ. ಹಾರ್ಟ್ ಫೇಲ್ಯೂರಿನಲ್ಲಿ ಪ್ಲೂರಾ ತೆಳ್ಳಗೆ, ನುಣುಪಾಗಿ, ಚೆನ್ನಾಗಿ ಜಾರುತ್ತಿರುತ್ತದೆ. ಬಿ-ಲೈನ್ ಎರಡೂ ಬದಿ ಸಮನಾಗಿ, ಕೆಳಕ್ಕೆ ಹೋದಂತೆ ಹೆಚ್ಚು. ಜೊತೆಗೆ ಎಫ್ಯೂಷನ್ ಇರುವುದೇ ಹೆಚ್ಚು. ಎಆರ್‌ಡಿಎಸ್ (ಶ್ವಾಸಕೋಶಕ್ಕೆ ದಿಢೀರನೆ ಆಗುವ ತೀವ್ರ ಹಾನಿ) ಅಥವಾ ವೈರಲ್ ನ್ಯುಮೋನಿಯಾದಲ್ಲಿ ಪ್ಲೂರಾ ಒರಟು, ಅಲ್ಲಲ್ಲಿ ಕಡಿದಂತೆ, ಅದರಡಿ ಸಣ್ಣ ಸಣ್ಣ ಕಪ್ಪು ಕನ್ಸಾಲಿಡೇಶನ್. ಬಿಳಿಯಾದ ಜಾಗದ ಪಕ್ಕದಲ್ಲೇ ಪೂರಾ ಮಾಮೂಲಿ ಜಾಗ. ಕೋವಿಡ್ ವಾರ್ಡುಗಳಲ್ಲಿ ಕಂಡದ್ದು ಇದೇ ಚಿತ್ರ. ಐಎಲ್‌ಡಿಯಲ್ಲೂ (ಶ್ವಾಸಕೋಶದ ಅಂಗಾಂಶ ನಿಧಾನಕ್ಕೆ ಗಟ್ಟಿಯಾಗುವ ಕಾಯಿಲೆಗಳು) ಒರಟು ಪ್ಲೂರಾ, ಆದರೆ ಲ್ಯಾಸಿಕ್ಸ್ ಕೊಟ್ಟರೂ ಡಯಾಲಿಸಿಸ್ ಮಾಡಿಸಿದರೂ ಗೆರೆಗಳು ಕದಲುವುದಿಲ್ಲ. ಇನ್ನು, ಮಲಗಿಯೇ ಇರುವವರ ಬೆನ್ನ ಕಡೆ ತಳಭಾಗದಲ್ಲಿ ಒಂದೆರಡು ಬಿ-ಲೈನ್ ಆರೋಗ್ಯವಂತರಿಗೂ ಇರುತ್ತವೆ.

ಮೆಡಿಸಿನ್ ಪಿಜಿ

ತುಂಬ ಉಪಯೋಗವಾಯಿತು ಮೇಡಂ. ಮಳೆಗಾಲ ಶುರುವಾದರೆ ಡೆಂಗಿ ಜ್ವರದವರೇ ಅರ್ಧ ವಾರ್ಡ್. ಅವರಲ್ಲಿ ಏನು ನೋಡಬೇಕು?

ಗ್ರೇಸ್ಕೇಲ್

ಪ್ಲಾಸ್ಮಾ ಸೋರಿಕೆ (ರಕ್ತನಾಳದಿಂದ ದ್ರವ ಹೊರಕ್ಕೆ ಜಿನುಗುವುದು) ಶುರುವಾಗಿದೆಯೇ ಎಂದು. ಮೊದಲು ಬಲಗಡೆ ಡಯಾಫ್ರಮ್ (ವಪೆ) ಮೇಲೆ, ಆಮೇಲೆ ಲಿವರ್ ಮತ್ತು ಕಿಡ್ನಿ ನಡುವೆ, ಕೊನೆಗೆ ಪೆಲ್ವಿಸ್. ಎಫ್ಯೂಷನ್ ಸಾಮಾನ್ಯವಾಗಿ ಬಲಗಡೆ ಮೊದಲು. ಗಾಲ್‌ಬ್ಲ್ಯಾಡರ್ ಗೋಡೆ 3 ಮಿ.ಮೀ ಮೀರಿ ಪದರ ಪದರವಾಗಿ ಊದಿಕೊಳ್ಳುತ್ತದೆ. ಅದನ್ನು ಕೋಲಿಸಿಸ್ಟೈಟಿಸ್ (ಗಾಲ್‌ಬ್ಲ್ಯಾಡರ್ ಉರಿಯೂತ) ಎಂದು ಸರ್ಜರಿಯವರಿಗೆ ರೆಫರೆನ್ಸ್ ಕಳಿಸಬೇಡಿ. ಅಳೆಯುವ ಮುನ್ನ ರೋಗಿ ಊಟ ಮಾಡಿದ್ದಾರಾ ಕೇಳಿ, ಊಟದ ಮೇಲೆ ಕುಗ್ಗಿದ ಗಾಲ್‌ಬ್ಲ್ಯಾಡರ್ ಗೋಡೆ ಸುಮ್ಮನೆ ದಪ್ಪ ಕಾಣುತ್ತದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿಕೆಯ ಜೊತೆಗಿಟ್ಟು ಓದಿ, ಸ್ಕ್ಯಾನ್ ಒಂದನ್ನೇ ಅಲ್ಲ.

ಬಯೋಮೆಡ್ ಹುಬ್ಬಳ್ಳಿ

ಡಾಕ್ಟರೇ, ನೀವೆಲ್ಲ ಬಿ-ಲೈನ್ ಎ-ಲೈನ್ ಅಂತ ಮಾತಾಡಾಕತ್ತೀರಿ, ಪ್ರೋಬ್ ಸತ್ತಿದ್ರ ಏನ್ ಕಾಣತೈತ್ರಿ? ಡ್ಯೂಟಿ ಶುರು ಆದಕೂಡ್ಲೆ ಒಂದು ಸಣ್ಣ ಪರೀಕ್ಷೆ ಮಾಡ್ರಿ. ಜೆಲ್ ಹಚ್ಚದ, ಯಾರ ಮೈಗೂ ತಾಗಿಸದ, ಪ್ರೋಬ್ ಗಾಳ್ಯಾಗ ಹಿಡೀರಿ. ಪರದೆ ಮ್ಯಾಲ ಈ ತುದಿಯಿಂದ ಆ ತುದಿಗೆ ಒಂದೇ ಸಮ ಬಿಳಿ ಪಟ್ಟಿ ಇರಬೇಕು. ನಡುವ ಉದ್ದಕ ಕರೀ ಗೆರಿ ಇಳಿದಿದ್ರ ಅಲ್ಲಿ ಕ್ರಿಸ್ಟಲ್ ಸತ್ತಾವು, ಇಲ್ಲಾ ಕೇಬಲ್ ಒಳಗ ತಂತಿ ಕಡದೈತಿ. ಅನುಮಾನ ಇದ್ರ ಒಂದು ಪೇಪರ್ ಕ್ಲಿಪ್ ಬಿಡಿಸಿ, ಅದರ ತಂತಿ ಲೆನ್ಸ್ ಮ್ಯಾಲ ಮೆಲ್ಲಕ ಸರಿಸ್ರಿ. ಚಲೋ ಇದ್ದಲ್ಲಿ ಮಿಂಚತೈತಿ, ಸತ್ತಲ್ಲಿ ಇಲ್ಲ. ಪಕ್ಕೆಲಬಿನ ನೆರಳು ಅಂದ್ಕೊಂಡಿದ್ದು ಕಡದ ತಂತಿ ಇರಬಹುದು ನೋಡ್ರಿ. ಪ್ರೋಬ್ ಸರಿಸಿದ್ರೂ ಆ ನೆರಳು ಪರದೆ ಮ್ಯಾಲ ಅದs ಜಾಗದಾಗ ನಿಂತಿದ್ರ ರೋಗಿದಲ್ಲ, ಮಷೀನಿಂದು.

ತಂತಿ ಯಾಕ ಕಡೀತಾವು? ಟ್ರಾಲಿ ಗಾಲಿ ಕೇಬಲ್ ಮ್ಯಾಲ ಹತ್ತತೈತಿ, ಅಷ್ಟ. ಕೇಬಲ್ ನೆಲಕ್ಕ ಬಿಡಬ್ಯಾಡ್ರಿ, ಬಿಗಿಯಾಗಿ ಸುತ್ತಲೂ ಬ್ಯಾಡ್ರಿ.

ಸ್ಪಿರಿಟ್ ಹಚ್ಚಿ ತಿಕ್ಕಬ್ಯಾಡ್ರಿ. ಭಾಳ ಪ್ರೋಬ್‌ಗಳ ಮುಂದಿನ ಲೆನ್ಸ್ ಸ್ಪಿರಿಟ್‌ಗೆ ಒಣಗಿ ಬಿರುಕು ಬಿಡತೈತಿ. ಮೊದಲ ಮೆತ್ತನ್ನ ಒಣ ಬಟ್ಟೀಲೆ ಜೆಲ್ ಪೂರಾ ಒರಸ್ರಿ, ಆಮ್ಯಾಲ ಕಂಪನಿ ಮ್ಯಾನ್ಯುವಲ್‌ನ್ಯಾಗ ಹೇಳಿದ ವೈಪ್ಸ್, ಹೇಳಿದಷ್ಟು ಹೊತ್ತು ಒದ್ದಿ ಇರಬೇಕು. ಜೆಲ್ ಉಳಿದಿದ್ರ ಅದರ ಅಡಿ ಕ್ರಿಮಿ ಸಾಯೂದಿಲ್ಲ. ಇನ್ನೊಂದು: 5 ಲೀಟರ್ ಕ್ಯಾನಿನಿಂದ ಸಣ್ಣ ಬಾಟ್ಲಿಗೆ ಮ್ಯಾಲಿಂದ ಮ್ಯಾಲ ಜೆಲ್ ತುಂಬೂದು ನಿಲ್ಲಿಸ್ರಿ. ಕೆಟ್ಟ ಜೆಲ್‌ನಿಂದ ಬರ್ಕೋಲ್ಡೇರಿಯಾ ಅನ್ನೂ ಬ್ಯಾಕ್ಟೀರಿಯಾದ ಸೋಂಕು ಹಬ್ಬಿದ್ದು ಹಲವು ದೇಶದಾಗ ದಾಖಲಾಗೇತಿ. ಸೂಜಿ ಹಾಕೂ ಕೆಲಸಕ್ಕ ಒಂದ ಸಲ ಬಳಸೂ ಸ್ಟೆರೈಲ್ ಸ್ಯಾಶೆ ಬೇಕs ಬೇಕು.

ಮೆಡಿಸಿನ್ ಪಿಜಿ

ಐವಿಸಿ ಬಗ್ಗೆ ಯಾರೂ ಹೇಳಲಿಲ್ಲ. ಚಪ್ಪಟೆಯಾಗಿದ್ದರೆ ಫ್ಲೂಯಿಡ್, ಉಬ್ಬಿದ್ದರೆ ಲ್ಯಾಸಿಕ್ಸ್ ಎಂದು ಓದಿದ್ದೆ.

ಐಸಿಯು ರಾತ್ರಿಪಾಳಿ

ಬೇಕೆಂದೇ ಕೊನೆಗೆ ಇಟ್ಟಿದ್ದೆ. ನನ್ನ ಮಟ್ಟಿಗೆ ಐವಿಸಿ ಸ್ಕ್ಯಾನಿನ ಕೊನೆಯ ಪ್ರಶ್ನೆ, ಮೊದಲನೆಯದಲ್ಲ. ಸುಲಭವಾಗಿ ಸಿಗುತ್ತದೆ, ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ಕೇಸ್‌ಶೀಟಿನಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೇ ಎಲ್ಲರಿಗೂ ಪ್ರೀತಿ.

ಎದೆಮೂಳೆಯ ತುದಿಯ ಕೆಳಗೆ ಪ್ರೋಬ್ ಉದ್ದಕ್ಕೆ, ಮಾರ್ಕರ್ ತಲೆಯ ಕಡೆ, ಸ್ವಲ್ಪ ಬಲಕ್ಕೆ ಸರಿಸಿ. ಲಿವರ್ ಹಿಂದೆ ಸಾಗಿ ಬಲ ಏಟ್ರಿಯಂ ಸೇರುವ ಕೊಳವೆ ಐವಿಸಿ. ಏಟ್ರಿಯಂಗೆ ಸೇರುವುದನ್ನೂ ಹೆಪಾಟಿಕ್ ವೇನ್ ಬಂದು ಕೂಡುವುದನ್ನೂ ಕಣ್ಣಾರೆ ಕಾಣದೆ ಅದನ್ನು ಐವಿಸಿ ಎನ್ನಬೇಡಿ. ಎಡಕ್ಕೆ ಇರುವುದು ಅಯೋರ್ಟಾ. ಅದರ ಗೋಡೆ ದಪ್ಪ, ಬಡಿತ ಜೋರು. ಬರೀ ಮಿಡಿತ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ಪಕ್ಕದ ಅಯೋರ್ಟಾ ಬಡಿದು ಐವಿಸಿಯೂ ಮಿಡಿಯುತ್ತದೆ.

ಏಟ್ರಿಯಂ ಸೇರುವ ಜಾಗದಿಂದ ಸುಮಾರು 2 ಸೆಂ.ಮೀ ಕೆಳಗೆ ಅಳೆಯಿರಿ. ತಾನಾಗಿ ಉಸಿರಾಡುವ ರೋಗಿಯಲ್ಲಿ 2.1 ಸೆಂ.ಮೀ ಒಳಗಿದ್ದು, ಜೋರಾಗಿ ಮೂಗಿನಿಂದ ಎಳೆದುಕೊಂಡಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಏಟ್ರಿಯಂ ಒತ್ತಡ ಸುಮಾರು 3 ಮಿ.ಮೀ ಪಾದರಸ. 2.1 ಮೀರಿದ್ದು, ಅರ್ಧದಷ್ಟೂ ಕುಗ್ಗದಿದ್ದರೆ ಸುಮಾರು 15. ನಡುವಿನದು 8. ಇದು ಒತ್ತಡದ ಅಂದಾಜು. ಫ್ಲೂಯಿಡ್ ಕೊಟ್ಟರೆ ರೋಗಿಗೆ ಲಾಭವೇ ಎಂಬುದು ಬೇರೆಯೇ ಪ್ರಶ್ನೆ.

ಇನ್ನು ಕೈಚಳಕದ ದೋಷ. ಉಸಿರು ಎಳೆದಾಗ ಡಯಾಫ್ರಮ್ ಇಳಿದು ಐವಿಸಿ ಪಕ್ಕಕ್ಕೆ ಜಾರುತ್ತದೆ. ಪ್ರೋಬ್ ಇದ್ದಲ್ಲೇ ಇರುತ್ತದೆ. ಆಗ ಕೊಳವೆಯ ನಡುವಿನ ಬದಲು ಅಂಚನ್ನು ಕೊಯ್ದಂತಾಗಿ, ಕುಗ್ಗದೇ ಇದ್ದರೂ ಕುಗ್ಗಿದಂತೆ ಕಾಣುತ್ತದೆ. ಹಾಗಾಗಿ ಪ್ರೋಬ್ 90 ಡಿಗ್ರಿ ತಿರುಗಿಸಿ ಅಡ್ಡಕ್ಕೂ ನೋಡಿ. ಅಡ್ಡಕ್ಕೆ ದುಂಡಗೆ ಉಬ್ಬಿದ್ದರೆ, ಉದ್ದಕ್ಕೆ ಕಂಡ ಕುಗ್ಗುವಿಕೆ ಸುಳ್ಳು.

ವೆಂಟಿಲೇಟರ್‌ನಲ್ಲಿ ಉಸಿರು ಒಳಹೋದಾಗ ಐವಿಸಿ ಹಿಗ್ಗುತ್ತದೆ, ಲೆಕ್ಕವೇ ತಲೆಕೆಳಗು. ಟ್ಯಾಂಪೊನೇಡ್ (ಸುತ್ತ ತುಂಬಿದ ನೀರು ಹೃದಯವನ್ನು ಅದುಮುವುದು), ಜೋರು ಟ್ರೈಕಸ್ಪಿಡ್ ಲೀಕ್, ಪಲ್ಮನರಿ ಎಂಬಾಲಿಸಮ್, ಬಲ ವೆಂಟ್ರಿಕಲ್ ಇನ್‌ಫಾರ್ಕ್ಟ್ ಎಲ್ಲದರಲ್ಲೂ ಐವಿಸಿ ಉಬ್ಬಿರುತ್ತದೆ. ಅಲ್ಲಿ ಲ್ಯಾಸಿಕ್ಸ್ ಕೊಟ್ಟರೆ ಬಿಪಿ ಕುಸಿದು ರೋಗಿ ಕೈತಪ್ಪಬಹುದು. ಏದುಸಿರಿನ ಸಿಒಪಿಡಿಯವರು ಹೊಟ್ಟೆ ಬಿಗಿಹಿಡಿದು ಉಸಿರಾಡುವಾಗ ಐವಿಸಿ ಪೂರ್ತಿ ಅಂಟಿಕೊಳ್ಳುವುದುಂಟು, ಅದನ್ನು ನೋಡಿ ಲೀಟರ್ ಸಲೈನ್ ಹಾಕಿದರೆ ಇನ್ನೊಂದು ತೊಂದರೆ. ಅದಕ್ಕೇ ಶ್ವಾಸಕೋಶ ಮೊದಲು: ಮುಂಭಾಗದಲ್ಲೇ ಬಿ-ಲೈನ್ ತುಂಬಿದ್ದರೆ ಚಪ್ಪಟೆ ಐವಿಸಿ ಕಂಡ ಮಾತ್ರಕ್ಕೆ ಫ್ಲೂಯಿಡ್ ತೆರೆಯಬೇಡಿ.

ಎಮರ್ಜೆನ್ಸಿ ಬಾಗಿಲು

ಹೃದಯವನ್ನು ಬಿಟ್ಟೇಬಿಟ್ಟಿರಿ. ಕಾರ್ಡಿಯಾಕ್ ಪ್ರೋಬ್ ಇಲ್ಲ ಎಂದು ಕೈಚೆಲ್ಲಬೇಕಿಲ್ಲ. ಕರ್ವಿಲಿನಿಯರ್ ಪ್ರೋಬನ್ನೇ ಎದೆಮೂಳೆ ತುದಿಯ ಕೆಳಗೆ ಮಲಗಿಸಿದಂತೆ ಹಿಡಿಯಿರಿ, ಕೈ ಮೇಲಿನಿಂದ. ಮಾರ್ಕರ್ ರೋಗಿಯ ಬಲಕ್ಕೆ, ಮುಖ ಎಡ ಭುಜದ ಕಡೆ, ಡೆಪ್ತ್ 18 ಸೆಂ.ಮೀ ಆಸುಪಾಸು. ಲಿವರ್ ಮೂಲಕ ಹೃದಯ ಕಾಣುತ್ತದೆ. ಹೊಟ್ಟೆಯಲ್ಲಿ ಗಾಳಿ ಇದ್ದರೆ ಪ್ರೋಬ್ ಬಲಕ್ಕೆ ಸರಿಸಿ, ಲಿವರನ್ನು ಹೆಚ್ಚು ಬಳಸಿಕೊಳ್ಳಿ. ಮೊಣಕಾಲು ಮಡಿಸಿದರೆ ಹೊಟ್ಟೆ ಸಡಿಲವಾಗುತ್ತದೆ.

ಮೂರೇ ಪ್ರಶ್ನೆ ಕೇಳಿ. ಸುತ್ತ ನೀರಿದೆಯೇ? ಎಡ ವೆಂಟ್ರಿಕಲ್ ಚೆನ್ನಾಗಿ ಒತ್ತುತ್ತಿದೆಯೇ? ಬಲ ವೆಂಟ್ರಿಕಲ್ ಎಡದಷ್ಟು ಅಥವಾ ಅದಕ್ಕಿಂತ ದೊಡ್ಡದೇ? ವಾಲ್ವ್ ಗೊಡವೆ ಎಕೋ ಮಾಡುವವರಿಗೆ ಬಿಡಿ. ಹೃದಯದ ಮುಂದೆ ಮಾತ್ರ ಇರುವ ಬೂದು ಪಟ್ಟಿ ಬಹುಪಾಲು ಕೊಬ್ಬು. ಬಲ ವೆಂಟ್ರಿಕಲ್ ದೊಡ್ಡದಿದ್ದು ಅದರ ಗೋಡೆಯೂ 5 ಮಿ.ಮೀ ಮೀರಿದ್ದರೆ ಇಂದು ನಿನ್ನೆಯ ಎಂಬಾಲಿಸಮ್ ಅಲ್ಲ, ಹಳೆಯ ಪಲ್ಮನರಿ ಹೈಪರ್‌ಟೆನ್ಷನ್ ಇದೆ ಎಂದು ತಿಳಿಯಿರಿ. ಅದರ ಮೇಲೆ ಹೊಸ ಕ್ಲಾಟ್ ಕೂತಿರಬಾರದು ಎಂದೇನಿಲ್ಲ.

ಕಾಲಿನ ವೇನ್‌ಗೆ ಲಿನಿಯರ್ ಪ್ರೋಬ್. ತೊಡೆಸಂದಿಯಲ್ಲಿ ಸಫೀನಸ್ (ಕಾಲಿನ ಮೇಲ್ಪದರದ ವೇನ್) ಸೇರುವ ಜಾಗದ ಮೇಲೆ ಕೆಳಗೆ, ಆಮೇಲೆ ಮೊಣಕಾಲಿನ ಹಿಂದೆ. ಪಕ್ಕದ ಆರ್ಟರಿ ಸ್ವಲ್ಪ ಚಪ್ಪಟೆಯಾಗುವ ತನಕ ಒತ್ತಿ. ವೇನಿನ ಎರಡೂ ಗೋಡೆ ಪೂರ್ತಿ ಅಂಟಿದರೆ ಅಲ್ಲಿ ಕ್ಲಾಟ್ ಇಲ್ಲ. ಒಳಗೆ ತೇಲಾಡುವ ಕ್ಲಾಟ್ ಕಣ್ಣಿಗೇ ಕಂಡರೆ ಒತ್ತುವ ಉಸಾಬರಿ ಬೇಡ. ಸೊಂಟದ ಒಳಗಿನದೂ ಮೀನಖಂಡದ್ದೂ ಈ ಪರೀಕ್ಷೆಯಲ್ಲಿ ತಪ್ಪಿಹೋಗುತ್ತವೆ. ಅನುಮಾನ ಬಲವಾಗಿದ್ದರೆ ವಾರದೊಳಗೆ ಮತ್ತೆ ನೋಡಿ, ಇಲ್ಲವೇ ಸಿಟಿ ಮಾಡಿಸಿ.

ಕಾರ್ಡಿಯಾಕ್ ಅರೆಸ್ಟ್‌ನಲ್ಲಿ ಒಂದೇ ಎಚ್ಚರ. ಕಂಪ್ರೆಷನ್ ನಡೆಯುತ್ತಿರುವಾಗಲೇ ಪ್ರೋಬ್ ಜಾಗಕ್ಕೆ ಬಂದಿರಬೇಕು, ನಿಲ್ಲಿಸಿದ 10 ಸೆಕೆಂಡಿನೊಳಗೆ ಕ್ಲಿಪ್ ಉಳಿಸಿ ಕೈ ತೆಗೆಯಬೇಕು. ಇನ್ನೊಬ್ಬರು ಜೋರಾಗಿ ಎಣಿಸಲಿ. ಕ್ಲಿಪ್ ನೋಡುವುದು ಕಂಪ್ರೆಷನ್ ಮತ್ತೆ ಶುರುವಾದ ಮೇಲೆ.

ಮೆಡಿಸಿನ್ ಪಿಜಿ

ಪ್ಲೂರಾ ಜಾರದಿದ್ದರೆ ನ್ಯುಮೋಥೊರಾಕ್ಸ್ ಎಂದು ಐಸಿಡಿ (ಎದೆಯೊಳಗಿನ ಗಾಳಿ ತೆಗೆಯುವ ಕೊಳವೆ) ಹಾಕಬಹುದಾ?

ಎಮರ್ಜೆನ್ಸಿ ಬಾಗಿಲು

ದಯವಿಟ್ಟು ಬೇಡ. ಜಾರುತ್ತಿದ್ದರೆ ಆ ಜಾಗದಲ್ಲಿ ನ್ಯುಮೋಥೊರಾಕ್ಸ್ ಇಲ್ಲ ಎಂದು ಖಚಿತವಾಗಿ ಹೇಳಬಹುದು. ಜಾರದಿದ್ದರೆ ಏನನ್ನೂ ಖಚಿತವಾಗಿ ಹೇಳಲಾಗದು. ಉಸಿರಾಟಕ್ಕೆ ಹಾಕಿದ ಟ್ಯೂಬ್ ಬಲ ಬ್ರಾಂಕಸ್‌ಗೆ ಇಳಿದಿದ್ದರೆ ಎಡ ಜಾರುವುದಿಲ್ಲ. ಹಳೇ ಟಿಬಿಯಿಂದ ಪ್ಲೂರಾ ಅಂಟಿಕೊಂಡಿದ್ದರೆ ಜಾರುವುದಿಲ್ಲ, ನಮ್ಮಲ್ಲಿ ಇದು ಕಡಿಮೆಯೇನಲ್ಲ. ದೊಡ್ಡ ಬುಲ್ಲಾ (ಶ್ವಾಸಕೋಶದೊಳಗಿನ ಗಾಳಿಗುಳ್ಳೆ) ಇದ್ದರೆ, ರೋಗಿ ಉಸಿರೇ ಎಳೆಯದಿದ್ದರೆ, ಆಗಲೂ ಇಲ್ಲ. ಬುಲ್ಲಾಕ್ಕೆ ಐಸಿಡಿ ಚುಚ್ಚಿದರೆ ಇಲ್ಲದ ನ್ಯುಮೋಥೊರಾಕ್ಸನ್ನು ನಾವೇ ಮಾಡಿದಂತೆ.

ನಾಲ್ಕು ಸಂಗತಿ ನೋಡಿ. ಜಾರುವಿಕೆ ಇಲ್ಲ. ಬಿ-ಲೈನ್ ಒಂದೂ ಇಲ್ಲ, ಒಂದೇ ಒಂದು ನಿಜವಾದ ಬಿ-ಲೈನ್ ಇದ್ದರೂ ಅಲ್ಲಿ ಎರಡು ಪ್ಲೂರಾ ತಾಗಿವೆ ಎಂದರ್ಥ. ಲಂಗ್ ಪಲ್ಸ್ ಇಲ್ಲ, ಅಂದರೆ ಹೃದಯದ ಬಡಿತಕ್ಕೆ ಪ್ಲೂರಾ ಸಣ್ಣಗೆ ಅದುರುವುದು ಕಾಣುತ್ತಿಲ್ಲ. ಕೊನೆಯದು ಲಂಗ್ ಪಾಯಿಂಟ್: ಪ್ರೋಬ್ ಮುಂಭಾಗದಿಂದ ಕಂಕುಳ ಕಡೆಗೆ ಒಂದೊಂದೇ ಸ್ಪೇಸ್ ಸರಿಸುತ್ತಾ ಹೋದರೆ, ಒಂದು ಕಡೆ ಉಸಿರು ಎಳೆದಾಗ ಜಾರುವ ಪ್ಲೂರಾ ಒಳಗೆ ಬಂದು, ಬಿಟ್ಟಾಗ ಹಿಂದೆ ಹೋಗುತ್ತದೆ. ಅದು ಸಿಕ್ಕರೆ ಡಯಾಗ್ನೋಸಿಸ್ ಆಯಿತು. ಶ್ವಾಸಕೋಶ ಪೂರ್ತಿ ಕುಸಿದಿದ್ದರೆ ಲಂಗ್ ಪಾಯಿಂಟ್ ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಸಿಗದಿರುವುದು "ಇಲ್ಲ" ಎಂಬುದಕ್ಕೆ ಸಾಕ್ಷಿಯಲ್ಲ. ಬಿಪಿ ಬಿದ್ದು, ಸ್ಯಾಚುರೇಷನ್ ಬಿದ್ದು, ರೋಗಿ ಕೈಮೀರುತ್ತಿದ್ದರೆ ಇವೆಲ್ಲ ಹುಡುಕುತ್ತಾ ಕೂರಬೇಡಿ, ಆಗ ಸೂಜಿಯೇ ಮೊದಲು.

ಎಂ-ಮೋಡ್‌ನಲ್ಲಿ (ಒಂದೇ ಗೆರೆಯ ಚಲನೆಯನ್ನು ಸಮಯದ ಜೊತೆ ಬಿಡಿಸುವ ಬಗೆ) ಜಾರಿದರೆ ಮರಳು, ಜಾರದಿದ್ದರೆ ಬಾರ್‌ಕೋಡ್ ಎಂದು ಕಲಿಸುತ್ತಾರಲ್ಲ, ಅದು ಎರಡನೆಯ ಸಾಕ್ಷಿ ಮಾತ್ರ. ಏದುಸಿರಿನವರ ಎದೆಯ ಸ್ನಾಯುಗಳೇ ಕುಣಿಯುತ್ತಿರುತ್ತವೆ, ನಿಮ್ಮ ಕೈಯೂ ಅಲುಗುತ್ತಿರುತ್ತದೆ. ಬಾರ್‌ಕೋಡ್ ಇರಬೇಕಾದಲ್ಲಿ ಮರಳು ಕಾಣಲು ಅಷ್ಟು ಸಾಕು.

ಗ್ರೇಸ್ಕೇಲ್

ಐಸಿಡಿ ಮಾತು ಬಂದದ್ದಕ್ಕೆ ಎಫ್ಯೂಷನ್ ಟ್ಯಾಪ್ (ಸೂಜಿಯಿಂದ ನೀರು ತೆಗೆಯುವುದು) ಬಗ್ಗೆ ಒಂದಿಷ್ಟು. ಮೊದಲು ಡಯಾಫ್ರಮ್ ಗುರುತಿಸಿ. ಕಿಡ್ನಿ ಮತ್ತು ಲಿವರ್ ನಡುವಿನ ಬಾಗಿದ ಬಿಳಿ ಗೆರೆಯನ್ನೇ ಡಯಾಫ್ರಮ್ ಎಂದುಕೊಂಡು, ಲಿವರನ್ನು ಕನ್ಸಾಲಿಡೇಶನ್ ಆದ ಶ್ವಾಸಕೋಶ ಎಂದುಕೊಂಡು ಸೂಜಿ ಹಾಕುವ ಅಪಾಯ ನಿಜವಾದದ್ದು. ಕಿಡ್ನಿ ಕಂಡಿತೆಂದರೆ ನೀವು ತುಂಬ ಕೆಳಗಿದ್ದೀರಿ. ನೀರಿದ್ದರೆ ಡಯಾಫ್ರಮ್‌ಗಿಂತ ಮೇಲೂ ಬೆನ್ನುಮೂಳೆ ಕಾಣುತ್ತದೆ, ಗಾಳಿ ತುಂಬಿದ ಶ್ವಾಸಕೋಶವಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಪ್ರಮಾಣಕ್ಕೆ ಒಂದು ಸುಲಭ ಲೆಕ್ಕವಿದೆ: ಶ್ವಾಸಕೋಶ ಮತ್ತು ಎದೆಗೋಡೆಯ ನಡುವಿನ ಗರಿಷ್ಠ ಅಂತರ ಎಷ್ಟು ಮಿ.ಮೀ ಇದೆಯೋ ಅದರ 20 ಪಟ್ಟು ಮಿಲಿಲೀಟರ್. 30 ಮಿ.ಮೀ ಇದ್ದರೆ ಸುಮಾರು 600. ಇದು ವೆಂಟಿಲೇಟರ್‌ನಲ್ಲಿ ಅಂಗಾತ ಮಲಗಿ, ಬೆನ್ನು 15 ಡಿಗ್ರಿ ಎತ್ತಿದವರಲ್ಲಿ ರೂಪಿಸಿದ ಲೆಕ್ಕ. ಕುಳಿತ ರೋಗಿಗೆ ಹಾಕಬೇಡಿ.

ಅಂತರ 15 ಮಿ.ಮೀಗಿಂತ ಕಡಿಮೆ ಇದ್ದರೆ ಕುರುಡಾಗಿ ಚುಚ್ಚಬೇಡಿ. ನಮ್ಮ ವಿಭಾಗದಲ್ಲಿ ಗುರುತು ಹಾಕಿಸಿಕೊಂಡು ಹೋಗಿ, ವಾರ್ಡಿನಲ್ಲಿ ರೋಗಿಯನ್ನು ಬೇರೆ ಭಂಗಿಯಲ್ಲಿ ಕೂರಿಸಿ ಅದೇ ಗುರುತಿಗೆ ಸೂಜಿ ಹಾಕುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಬೇಕು. ನೀರು ಭಂಗಿಯ ಜೊತೆ ಸರಿಯುತ್ತದೆ, ಇಂಕಿನ ಗುರುತು ಸರಿಯುವುದಿಲ್ಲ. ಬೆನ್ನುಮೂಳೆಯಿಂದ 6 ಸೆಂ.ಮೀ ಒಳಗೆ ಇಂಟರ್‌ಕಾಸ್ಟಲ್ ಆರ್ಟರಿ ಪಕ್ಕೆಲುಬಿನ ಮರೆಯಲ್ಲಿ ಇರದೆ ಸ್ಪೇಸಿನ ನಡುವೆಯೇ ಹಾಯಬಹುದು. ವಯಸ್ಸಾದವರಲ್ಲಿ ಇನ್ನೂ ಅಂಕುಡೊಂಕು. ಲಿನಿಯರ್ ಪ್ರೋಬ್‌ನಲ್ಲಿ ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯ) ಹಾಕಿ ಒಮ್ಮೆ ನೋಡಿ, ಪಕ್ಕೆಲುಬಿನ ಮೇಲಂಚಿಗೆ ಒರಗಿ ಹೋಗಿ.

ಹೌಸ್ ಸರ್ಜನ್ ದಾವಣಗೆರೆ

ಮೊಬೈಲಿಗೆ ಚುಚ್ಚುವ ಪುಟ್ಟ ಪ್ರೋಬ್ ಸ್ವಂತಕ್ಕೆ ಕೊಂಡು ಜೇಬಿನಲ್ಲಿಟ್ಟುಕೊಂಡು ರೌಂಡ್ಸ್ ಮಾಡಬಹುದಾ? ವಿದೇಶದಲ್ಲಿರುವ ಅಣ್ಣ ತಂದುಕೊಡುತ್ತೇನೆ ಅಂತಿದ್ದಾನೆ.

ಫಾರ್ಮ್ ಎಫ್

ಬೇಡ. ತಂದರೆ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತೀರಿ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕೆಳಗೆ ಅಲ್ಟ್ರಾಸೌಂಡ್ ಮೆಷಿನ್ ನೋಂದಾಯಿತ ಸ್ಥಳಕ್ಕೆ ಸೇರಿದ್ದು, ವೈದ್ಯರ ಜೇಬಿಗಲ್ಲ. ನೀವು ಶ್ವಾಸಕೋಶ ಮಾತ್ರ ನೋಡುತ್ತೀರಿ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಲಿಂಗ ಪತ್ತೆ ಮಾಡುವ ಸಾಮರ್ಥ್ಯ ಆ ಯಂತ್ರಕ್ಕೆ ಇದ್ದರೆ ಸಾಕು. 2012ರಲ್ಲಿ ಸೇರಿಸಿದ ನಿಯಮದ ಪ್ರಕಾರ ಪೋರ್ಟಬಲ್ ಯಂತ್ರಕ್ಕೆ ಎರಡೇ ದಾರಿ: ನೋಂದಾಯಿತ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಬೇರೆ ಆರೋಗ್ಯ ಸೇವೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ. ನೋಂದಣಿಯಿಲ್ಲದವರಿಗೆ ಯಂತ್ರ ಮಾರುವುದೂ ಅಪರಾಧ. ಹೊಸ ಮೆಷಿನ್ ಸೇರಿಸುವುದಾದರೆ ಆಸ್ಪತ್ರೆಯೇ ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ 30 ದಿನ ಮೊದಲು ತಿಳಿಸಬೇಕು. ಮೆಷಿನ್ ಬಳಸುವವರ ಹೆಸರು, ಅರ್ಹತೆಯ ದಾಖಲೆಯೂ ಕಡತದಲ್ಲಿರಬೇಕು, ಆದ್ದರಿಂದ ಪಿಜಿಗಳೂ ಹೌಸ್ ಸರ್ಜನ್‌ಗಳೂ ವಿಭಾಗದ ಮುಖ್ಯಸ್ಥರ ಲಿಖಿತ ವ್ಯವಸ್ಥೆಯಿಲ್ಲದೆ ಪ್ರೋಬ್ ಮುಟ್ಟದಿರುವುದು ಕ್ಷೇಮ.

ಗರ್ಭಿಣಿಯ ಸ್ಕ್ಯಾನ್ ಆದರೆ ಫಾರ್ಮ್ ಎಫ್ (ಆ ಕಾಯ್ದೆಯ ದಾಖಲೆ ನಮೂನೆ) ತುಂಬಲೇಬೇಕು, ದಾಖಲೆ 2 ವರ್ಷ ಇಡಬೇಕು. ಅದರಲ್ಲಿ ಕೊರತೆ ಕಂಡರೆ ಅದನ್ನೇ ಕಾಯ್ದೆಯ ಉಲ್ಲಂಘನೆ ಎಂದು ಪರಿಗಣಿಸುತ್ತಾರೆ, ಅಲ್ಲವೆಂದು ತೋರಿಸುವ ಹೊಣೆ ಸ್ಕ್ಯಾನ್ ಮಾಡಿದವರದು. 2019ರಲ್ಲಿ ಸುಪ್ರೀಂ ಕೋರ್ಟ್ ಈ ಅಂಶವನ್ನು ಎತ್ತಿಹಿಡಿಯಿತು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನೆನಪಿರಬಹುದು. ಪೋರ್ಟಬಲ್ ಯಂತ್ರದ ಮೇಲೆ ಇಷ್ಟು ಬಿಗಿ ಯಾಕೆ ಎಂದು ಗೊಣಗುವವರು ಅದನ್ನೊಮ್ಮೆ ಓದಲಿ.

ಹೌಸ್ ಸರ್ಜನ್ ದಾವಣಗೆರೆ

ಅಯ್ಯೋ. ಅಣ್ಣನಿಗೆ ಈಗಲೇ ಫೋನ್ ಮಾಡ್ತೀನಿ.

ಮೆಡಿಸಿನ್ ಪಿಜಿ

ಕೊನೆಯದಾಗಿ ಎರಡು. ಕೇಸ್‌ಶೀಟಿನಲ್ಲಿ ಏನು ಬರೆಯಬೇಕು? ಲ್ಯಾಸಿಕ್ಸ್ ಕೊಟ್ಟ ಮೇಲೆ ಮತ್ತೆ ಯಾವಾಗ ನೋಡಬೇಕು?

ಐಸಿಯು ರಾತ್ರಿಪಾಳಿ

ಬರೆಯುವುದು ನಾಲ್ಕು ಸಾಲು. ಯಾವ ಪ್ರಶ್ನೆಗೆ ಸ್ಕ್ಯಾನ್ ಮಾಡಿದಿರಿ, ರೋಗಿ ಯಾವ ಭಂಗಿಯಲ್ಲಿದ್ದರು, ಯಾವ ಜಾಗದಲ್ಲಿ ಏನು ಕಂಡಿತು, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು. "ಇಲ್ಲ" ಮತ್ತು "ಕಾಣಲಿಲ್ಲ" ಎರಡನ್ನೂ ಬೇರೆ ಬೇರೆ ಬರೆಯಿರಿ. ದಪ್ಪ ಮೈಯವರಲ್ಲಿ, ಡ್ರೆಸ್ಸಿಂಗ್ ಇದ್ದವರಲ್ಲಿ, ಚರ್ಮದಡಿ ಗಾಳಿ ತುಂಬಿದವರಲ್ಲಿ ಎರಡನೆಯದೇ ಹೆಚ್ಚು. ಆ ಚರ್ಮದಡಿಯ ಗಾಳಿಯಿಂದಲೂ ಉದ್ದುದ್ದ ಬಿಳಿ ಗೆರೆ ಇಳಿದು ಬಿ-ಲೈನ್ ಥರ ಕಾಣುತ್ತದೆ. ಗೆರೆಯ ಬುಡದಲ್ಲಿ ಪಕ್ಕೆಲುಬು ಕಾಣದಿದ್ದರೆ ಅದು ಪ್ಲೂರಾ ಅಲ್ಲ, ಗೆರೆಯೂ ಬಿ-ಲೈನ್ ಅಲ್ಲ. ಕ್ಲಿಪ್‌ಗಳನ್ನು ಅಳಿಸಬೇಡಿ, ವಾರಕ್ಕೊಮ್ಮೆ ರೇಡಿಯಾಲಜಿಯವರ ಜೊತೆ ಕೂತು ನೋಡಿ. ಅಮೆರಿಕದ ಎಮರ್ಜೆನ್ಸಿ ವೈದ್ಯರ ಕಾಲೇಜು ಒಂದೊಂದು ಬಗೆಯ ಸ್ಕ್ಯಾನಿಗೂ 25ರಿಂದ 50 ಪರಿಶೀಲಿಸಿದ ಸ್ಕ್ಯಾನ್ ಎನ್ನುತ್ತದೆ. ಪರಿಶೀಲಿಸಿದ ಎಂಬುದೇ ಅಲ್ಲಿ ಮುಖ್ಯ.

ಲ್ಯಾಸಿಕ್ಸ್ ಕೊಟ್ಟ ಮೇಲೆ ಮೊದಲು ಯೂರಿನ್ ಬ್ಯಾಗ್ ನೋಡಿ, ಪ್ರೋಬ್ ಆಮೇಲೆ. ಬಿ-ಲೈನ್ ಗಂಟೆಗಳಲ್ಲಿ ಕಡಿಮೆಯಾಗುತ್ತವೆ, ಎಕ್ಸ್‌ರೇ ಅದಕ್ಕಿಂತ ನಿಧಾನ. 6 ಗಂಟೆ ಬಿಟ್ಟು ಅದೇ ಬಿಂದು, ಅದೇ ಡೆಪ್ತ್, ಅದೇ ಭಂಗಿಯಲ್ಲಿ ಎಣಿಸಿ. ಬೆಳಿಗ್ಗೆ ಮಲಗಿಸಿ, ಸಂಜೆ ಕೂರಿಸಿ ಎಣಿಸಿದರೆ ಆ ವ್ಯತ್ಯಾಸಕ್ಕೆ ಅರ್ಥವಿಲ್ಲ. ಮೂತ್ರ ಚೆನ್ನಾಗಿ ಹೋಗಿಯೂ ಒಂದು ಬದಿಯ ಗೆರೆಗಳು ಹಾಗೇ ಕೂತಿದ್ದರೆ ಲಿನಿಯರ್ ಪ್ರೋಬ್ ತೆಗೆದುಕೊಂಡು ಆ ಬದಿಯ ಪ್ಲೂರಾ ಇನ್ನೊಮ್ಮೆ ನೋಡಿ, ಸ್ಪುಟಮ್ (ಕಫ) ಪರೀಕ್ಷೆಗೆ ಕಳಿಸಿ.